ನಿಲ್ಲದ ನೆರಳು

ಮನಸ್ಸಿನ ತಳಮಳ ನೆರಳಿನಲ್ಲಿ ಕಾಣುವ ಆ ಊರಿನಲ್ಲಿ ಗಂಡಸರು ಆದಷ್ಟು ಬಿಸಿಲು ತಪ್ಪಿಸಿಯೇ ಓಡಾಡುತ್ತಿದ್ದರು. ಬಲೆ ಹೆಣೆಯುವ ವಿಠೋಬನೂ ತನ್ನ ತಮ್ಮ ಸಮುದ್ರಪಾಲಾದ ಮೇಲೆ ತಗಡಿನ ಚಪ್ಪರ ಬಿಟ್ಟು ಹೊರಬಂದಿರಲಿಲ್ಲ. ಅವತ್ತು ಬಲೆ ಒಣಗಿಸಲು ಬರಲೇಬೇಕಾಯಿತು. ಅವನು ಕೂತೇ ಇದ್ದ; ನೆರಳು ಮಾತ್ರ ಎದ್ದು ದೋಣಿ ಕಟ್ಟುವ ಜೆಟ್ಟಿಯ ಮೇಲೆ ಅತ್ತಿಂದಿತ್ತ ಓಡಾಡಿ, ನೀರಿನ ಅಂಚಿಗೆ ಹೋಗಿ ನಿಂತಿತು.

ಪಕ್ಕದಲ್ಲಿದ್ದ ಗೆಳೆಯ ಪಾವ್ಲು ಅದನ್ನು ನೋಡಿದ.

“ಬಿಸಿಲು ಜಾಸ್ತಿ, ಅದಕ್ಕೇ,” ಎಂದ ವಿಠೋಬ.

“ಹೋದ ವರ್ಷ ನಾನೂ ಹಾಗೇ ಹೇಳ್ತಿದ್ದೆ. ನಿಜ ಹೇಳು, ನಿಂಗೂ ಆ ನೀರಿಗೆ ಹೋಗ್ಬೇಕು ಅನ್ನಿಸ್ತದಾ?”

ವಿಠೋಬನ ಬೆರಳುಗಳು ಬಲೆಯ ಒಂದೇ ಗಂಟನ್ನು ಕಟ್ಟುತ್ತಾ ಬಿಚ್ಚುತ್ತಾ ಇದ್ದವು.

“ದಿನಾ ಅನ್ನಿಸ್ತದೆ. ಯಾರಿಗೂ ಹೇಳ್ಬೇಡ ಮಾರಾಯ.”

“ಊರಿಗೆ ಹೇಳೂದಿಲ್ಲ. ಆದ್ರೆ ನಿನ್ನ ಒಬ್ಬನೇ ಬಿಡೂದೂ ಇಲ್ಲ. ನನ್ನ ನೋಡಿದ ಮನಸ್ಸಿನ ಡಾಕ್ಟ್ರು ಈಗ ಸಿಗ್ತಾರೆ, ನಡಿ.”

ವಿಠೋಬ ಪಾವ್ಲುವಿನ ಬೈಕಿನ ಹಿಂದೆ ಕೂತ. “ಅಲ್ಲಿ ಏನಂತ ಹೇಳೂದು?” ಎಂದು ಕೇಳಿದ.

“ನಂಗೆ ಹೇಳಿದ್ದನ್ನೇ. ಮಾತು ಬರದಿದ್ರೆ ನಾನು ಶುರು ಮಾಡ್ತೇನೆ.”

ವಿಠೋಬ ಅವನ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡ.

“ಬೇಡ, ನಾನೇ ಹೇಳ್ತೇನೆ. ನೀನು ಅಲ್ಲೇ ಕೂತಿರು.”