ರಾಣಿಯವರ ಚಿತ್ರದ ಮುಂದೆ

ನೋಡಿದಷ್ಟೂ ಚಿತ್ರ ಮಾಸುತ್ತದೆ. ಹಾಗಾಗಿ ಚಿತ್ರಶಾಲೆಯನ್ನು ಪ್ರಜೆಗಳಿಗೆ ಬಿಟ್ಟುಕೊಡುವ ದಿನ ಅರಸರು ಕಣ್ಣಿಗೆ ರೇಷ್ಮೆ ಪಟ್ಟಿ ಕಟ್ಟಿಕೊಂಡೇ ಒಳಗೆ ಒಂದು ಸುತ್ತು ಬರಬೇಕು. ಪ್ರಜೆಗಳ ಪಾಲಿನ ಬಣ್ಣವನ್ನು ಅವರು ಸವೆಸುವಂತಿಲ್ಲ. ಅವರ ಕೈಹಿಡಿದು ನಡೆಸುವುದು ಚಿತ್ರಗಳನ್ನು ಕಾಯುವ ಪುಟ್ಟಗೌರಮ್ಮನ ಕೆಲಸ.

ಕೊನೆಯ ಗೋಡೆಯ ಹತ್ತಿರ ಅರಸರು ನಿಂತರು. "ಇಲ್ಲಿರೋದು ನಮ್ಮ ತಾಯಿಯವರ ಚಿತ್ರ ಅಲ್ವಾ? ನನಗೆ ಅವರ ಮುಖ ನೆನಪೇ ಇಲ್ಲ. ಹೇಗಿದಾರೆ, ಹೇಳಮ್ಮ."

ಚೌಕಟ್ಟಿನಲ್ಲಿ ಬರೀ ಬಿಳಿ ಬಟ್ಟೆ ಉಳಿದಿತ್ತು. ರಾಣಿ ತೀರಿಕೊಂಡ ಮೇಲೆ ಹಿರಿಯ ಅರಸರು ದಿನವೂ ಅದರೆದುರು ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಮೊದಲು ಮುಖ ಹೋಯಿತು, ಕೊನೆಗೆ ಸೀರೆಯ ಅಂಚು.

"ಹಸಿರು ಸೀರೆ, ಬುದ್ಧಿ," ಎಂದಳು ಪುಟ್ಟಗೌರಮ್ಮ. "ಮೂಗುಬೊಟ್ಟು ಇಟ್ಕೊಂಡು ನಗ್ತಾ ಅವ್ರೆ."

"ಬಣ್ಣ ಮಾಸಿಲ್ವಾ?"

"ಚೂರೂ ಮಾಸಿಲ್ಲ, ಬುದ್ಧಿ. ನಿನ್ನೆ ಬರೆದಂಗದೆ."

ಅರಸರು ಅವಳ ಕೈ ಬಿಟ್ಟರು.

"ಹಾಗಾದ್ರೆ ಅಪ್ಪಾಜಿ ಒಂದು ದಿನವೂ ಬಂದು ನೋಡಿಲ್ಲ."

ಹೊರಗೆ ಬ್ಯಾಂಡು ಶುರುವಾಯಿತು. ಪುಟ್ಟಗೌರಮ್ಮ ಅವರನ್ನು ಚೌಕಟ್ಟಿನ ಕಡೆಗೇ ತಿರುಗಿಸಿ ನಿಲ್ಲಿಸಿ, ಹಿಂದೆ ಹೋಗಿ ಪಟ್ಟಿಯ ಗಂಟು ಬಿಚ್ಚತೊಡಗಿದಳು.