ಕೊನೆಯ ಮಾತು ಬರುವತನಕ

ಗಾಜಿನ ಗೂಡಿಗೆ ಒಂದು ದಿನದ ಬಾಡಿಗೆ ಹನ್ನೆರಡು ಸಾವಿರ. ಕಿವಿಗೆ ಹಾಕುವ ಹೆಡ್‌ಫೋನಿಗೆ ಬೇರೆ, ತಂತಿ ಎಳೆದವನಿಗೆ ಬೇರೆ, ಒಳಗೆ ಕೂತ ಇಬ್ಬರು ದುಭಾಷಿಗಳಿಗೆ ಬೇರೆ. ಇಷ್ಟೆಲ್ಲ ಸುರಿದ ಮೇಲೂ ಖರೀದಿದಾರನ ಕಿವಿಯಲ್ಲಿ ಮಾತು ನಿಂತುಹೋದರೆ ಮ್ಯಾನೇಜರಿಗೆ ಮೈ ಉರಿಯದೆ ಇರುತ್ತದೆಯೇ?

ಗೂಡನ್ನು ಇಟ್ಟದ್ದು ಶರ್ಟು ಹೊಲಿಯುವ ಕಾರ್ಖಾನೆಯ ದೊಡ್ಡ ಹಾಲಿನ ಮೂಲೆಯಲ್ಲಿ. ಹಾಲಿನ ಪಕ್ಕಕ್ಕೇ ಕೆಲಸದವರ ಮಕ್ಕಳ ಕೋಣೆ. ನಡುವೆ ಅಗಲವಾದ ಒಂದು ಕಿಟಕಿ. ಆ ಕೋಣೆ ಮುಚ್ಚಿ ಅಲ್ಲಿ ಇಸ್ತ್ರಿ ಯಂತ್ರ ಕೂರಿಸಬೇಕೆಂಬುದು ಮ್ಯಾನೇಜರನ ಲೆಕ್ಕಾಚಾರ. ಅದಕ್ಕೆ ಶರ್ಟು ಕೊಳ್ಳುವವನ ಸಹಿ ಬೇಕಿತ್ತು. ಇಂಗ್ಲಿಷ್ ಬಿಟ್ಟು ಬೇರೇನೂ ಬಾರದ ಖರೀದಿದಾರ ಮಾತ್ರ, ಕೆಲಸದವರ ಬಾಯಿಂದಲೇ ಕೇಳದೆ ಸಹಿ ಹಾಕುವುದಿಲ್ಲ ಎಂದು ಪಟ್ಟು ಹಿಡಿದಿದ್ದ. ಕೆಲಸದವರ ಪರವಾಗಿ ಎದ್ದುನಿಂತವಳಿಗೆ ಹಾಲಿನಲ್ಲೆಲ್ಲ ಗುಂಡುಸೂಜಿ ಎಂದೇ ಹೆಸರು. ನೋಡಲು ಇಷ್ಟೇ ಇಷ್ಟು, ಚುಚ್ಚಿಸಿಕೊಂಡವರಿಗೇ ಗೊತ್ತು.

ಗೂಡಿನೊಳಗೆ ಮೈಕಿನ ಮುಂದೆ ಅತ್ತಿಗೆ, ಪಕ್ಕದಲ್ಲಿ ನಾದಿನಿ. ಅತ್ತಿಗೆ ಈ ಕೆಲಸದಲ್ಲಿ ಪಳಗಿದವಳು. ಇಂಗ್ಲಿಷಿನಲ್ಲಿ ಯಾರು ಏನು ಮಾಡಿದರು ಎನ್ನುವುದು ಮೊದಲೇ ಬಂದುಬಿಡುತ್ತದೆ. ಎಲ್ಲಿ, ಹೇಗೆ, ಯಾಕೆ ಎಲ್ಲ ಆಮೇಲೆ. ನಮ್ಮ ಮಾತು ಎಲ್ಲವನ್ನೂ ಹರಡಿಟ್ಟು, ಏನು ಮಾಡಿದರೆಂಬುದನ್ನು ಕಟ್ಟಕಡೆಗೆ ಬಿಚ್ಚುತ್ತದೆ. ಅಷ್ಟು ಹೊತ್ತು ಕಾಯುವವರು ಯಾರು? ಅತ್ತಿಗೆ ಅರ್ಧ ಕೇಳಿ ಮಿಕ್ಕದ್ದನ್ನು ಊಹಿಸಿಬಿಡುತ್ತಿದ್ದಳು.

"ಮಕ್ಕಳ ಕೋಣೆ ಮುಚ್ಚೋಕೆ ನಮ್ಮ ಒಪ್ಪಿಗೆ..." ಎಂದು ಗುಂಡುಸೂಜಿ ಶುರುಮಾಡಿ ಉಸಿರು ತೆಗೆದುಕೊಂಡಳು. ಎಲ್ಲರೂ ಒಪ್ಪಿದ್ದಾರೆ ಎಂದು ಮ್ಯಾನೇಜರ್ ಬೆಳಿಗ್ಗೆಯೇ ಹೇಳಿದ್ದನಲ್ಲ. ಅತ್ತಿಗೆ ಇಂಗ್ಲಿಷಿನಲ್ಲಿ, ಮುಚ್ಚಲು ನಾವು ಒಪ್ಪಿದ್ದೇವೆ ಎಂದುಬಿಟ್ಟಳು. ಖರೀದಿದಾರ ತಲೆಯಾಡಿಸಿ ಪೆನ್ನಿನ ಮುಚ್ಚಳ ತೆಗೆದ.

"...ಯಾರೂ ಕೇಳೇ ಇಲ್ಲ!" ಎಂದು ಗುಂಡುಸೂಜಿ ಮುಗಿಸಿದಳು.

ಅತ್ತಿಗೆ ನಾಲಗೆ ಕಚ್ಚಿಕೊಂಡಳು. ನಾದಿನಿ ಮೈಕನ್ನು ತನ್ನ ಕಡೆ ಎಳೆದುಕೊಂಡು, ತಪ್ಪು ನಮ್ಮದು, ಅವರ ಒಪ್ಪಿಗೆಯನ್ನು ಯಾರೂ ಕೇಳಿಲ್ಲ ಎಂದು ತಿದ್ದಿದಳು. ಕಾಗದದ ಮೇಲೆ ಊರಿದ ಪೆನ್ನು ಹಾಗೇ ನಿಂತಿತು.

"ಆ ಕೋಣೇಲಿ ನನ್ನ ಮಗಳು ಆಡ್ಕೊಂಡಿದ್ದು," ಗುಂಡುಸೂಜಿ ಮುಂದುವರಿಸಿದಳು, "ನಾನು ಮಿಷನ್ನಿಂದ ತಲೆ ಎತ್ತಿದಾಗೆಲ್ಲ ಈ ಕಿಟಕೀಲಿ ಅವಳ ಜುಟ್ಟು ಕಂಡು, ಜೀವ ತಣ್ಣಗಾಗಿ..."

ನಾದಿನಿ ಬಾಯಿ ತೆರೆಯಲಿಲ್ಲ. ಅತ್ತಿಗೆ ಮೈಕಿಗೆ ಅಂಗೈ ಮುಚ್ಚಿ ಅವಳ ತೊಡೆ ಚಿವುಟಿದಳು. "ಮಾತಾಡೇ! ಅವನ ಕಿವಿ ಖಾಲಿ ಇದೆ."

"ಅವಳಿನ್ನೂ ಮುಗಿಸಿಲ್ಲ, ಅತ್ತಿಗೆ."

"ಊಹಿಸು. ನಿಮ್ಮಣ್ಣ ಬಾಯಿ ತೆರೆಯೋಕೆ ಮುಂಚೆನೇ ಏನು ಹೇಳ್ತಾರೆ ಅಂತ ನಂಗೆ ಗೊತ್ತಾಗಲ್ವಾ?"

"ಅಣ್ಣ ಹೇಳೋದೇ ಒಂದು, ಊಟಕ್ಕೇನಿದೆ ಅಂತ. ಇವಳದ್ದು ಇವಳಿಗೇ ಗೊತ್ತು."

"ಹೋದ ತಿಂಗಳು ಜಪಾನಿನವರು ಬಂದಾಗ ಅವರ ಭಾಷೆಗೆ ತಿರುಗಿಸ್ತಿದ್ದ ಪಕ್ಕದ ಗೂಡಿನವನು ಎಲ್ಲೂ ನಿಲ್ಲಲಿಲ್ಲವಲ್ಲೇ!"

"ಅವರ ಮಾತೂ ನಮ್ಮ ಥರಾನೇ, ಏನು ಮಾಡಿದ್ರು ಅನ್ನೋ ಬೀಗದ ಕೈನ ಕೊನೇಲಿ ಕೊಡೋದು. ಜೊತೇಲೇ ನಡೀಬಹುದು. ಇಂಗ್ಲಿಷು ಅದನ್ನ ಬಾಗಿಲಲ್ಲೇ ಕೇಳುತ್ತೆ. ಇವಳಿನ್ನೂ ಕೊಟ್ಟಿಲ್ಲ, ನಾನೆಲ್ಲಿಂದ ತರಲಿ? ಸುಮ್ನಿರಿ, ಕೇಳ್ಸಲ್ಲ."

ಗಾಜಿನಾಚೆಯಿಂದ ಮ್ಯಾನೇಜರ್ ಕಣ್ಣು ಕೆಕ್ಕರಿಸಿ ಕೈ ಬೀಸಿದ. ಖರೀದಿದಾರ ಹೆಡ್‌ಫೋನನ್ನು ಬೆರಳಿಂದ ತಟ್ಟಿದ. ಮಾತಿಲ್ಲ. ಇನ್ನೊಮ್ಮೆ ತಟ್ಟಿದ. ಕೇಳಲು ಏನೂ ಇಲ್ಲದಾಗ ಯಾರಾದರೂ ಮಾಡುವುದನ್ನೇ ಕೊನೆಗೆ ಆತನೂ ಮಾಡಿದ. ಕಾಗದದಿಂದ ತಲೆ ಎತ್ತಿ, ಮಾತಾಡುತ್ತಿದ್ದವಳನ್ನು ನೋಡಿದ. ಬೆಳಗಿನಿಂದ ಅದೇ ಮೊದಲು.

"...ಇಷ್ಟೆತ್ತರದ ತಲೆ ಒಂದು ಸಲ ಕಾಣದಿದ್ರೂ ಕೈ ನಡುಗೋ ನಾನು, ನಿಮ್ಮ ಶರ್ಟಿನ ಕಾಲರು ಒಂದೆಳೆ ಆಚೀಚೆ ಆಗದ ಹಾಗೆ, ಆರು ವರ್ಷ..."

ಅವಳಿಗೆ ಕೈ ಆಡಿಸದೆ ಮಾತು ಬಾರದು. ಅಂಗೈ ನೆಲದಿಂದ ಒಂದಿಷ್ಟು ಮೇಲೆದ್ದು ಮಗಳಾಯಿತು. ಬೆರಳು ಕಿಟಕಿಯ ಕಡೆ ಹೋಯಿತು. ಆಮೇಲೆ ಎರಡೂ ಕೈ ಸೇರಿ ಇಲ್ಲದ ಬಟ್ಟೆಯೊಂದನ್ನು ಇಲ್ಲದ ಸೂಜಿಯ ಕೆಳಗೆ ಮೆಲ್ಲಗೆ ಸರಿಸಿದವು. ಖರೀದಿದಾರನ ಕಣ್ಣು ಆ ಕೈಗಳ ಹಿಂದೆಯೇ ಹೋಯಿತು. ಕಿಟಕಿಯಲ್ಲಿ ಒಂದು ಜುಟ್ಟು ಎದ್ದಿತು, ಮುಳುಗಿತು, ಮತ್ತೆ ಎದ್ದಿತು.

"...ಹೊಲಿದುಕೊಟ್ಟಿದ್ದೀನಿ," ಎಂದಳು ಗುಂಡುಸೂಜಿ.

ಆಗ ನಾದಿನಿ ಬಾಯಿ ತೆರೆದಳು. ಹೊಲಿದದ್ದರಿಂದ ಹಿಡಿದು ಮಗಳವರೆಗೆ, ಬಾಲದಿಂದ ತಲೆಗೆ, ಒಂದೇ ಉಸಿರಿನಲ್ಲಿ ಇಂಗ್ಲಿಷಿಗೆ ತಿರುಗಿಸಿ ಒಪ್ಪಿಸಿದಳು. ಆತನಿಗೆ ಬೇಕಿದ್ದದ್ದು ಆ ಮೊದಲ ಮಾತೊಂದೇ, ಮಿಕ್ಕದ್ದನ್ನೆಲ್ಲ ನೋಡಿಯಾಗಿತ್ತು. ಅವನ ಬೆರಳು ತಾನಾಗಿ ತನ್ನ ಕತ್ತಿನ ಕಾಲರನ್ನು ಸವರಿತು. ಪೆನ್ನಿಗೆ ಮುಚ್ಚಳ ಹಾಕಿದ. ಕೋಣೆ ಇದ್ದಲ್ಲೇ ಇರಲಿ, ಇಸ್ತ್ರಿ ಯಂತ್ರಕ್ಕೆ ಬೇರೆ ಜಾಗ ನೋಡಿ ಎಂದ.

ಅದನ್ನು ನಮ್ಮ ಮಾತಿಗೆ ತಿರುಗಿಸಿ ಹಾಲಿನ ಸ್ಪೀಕರಿನಲ್ಲಿ ಕೂಗಿದವಳು ಅತ್ತಿಗೆ. "ಇರಲಿ" ಎಂಬುದು ಅವಳ ಬಾಯಿಂದ ಪೂರ್ತಿ ಬೀಳುವ ತನಕ ಹಾಲಿನಲ್ಲಿ ಒಬ್ಬರೂ ಅಲುಗಲಿಲ್ಲ. ಬಿದ್ದ ಮೇಲೆ ಎದ್ದ ಗದ್ದಲಕ್ಕೆ ಕಿಟಕಿಯ ಆಚೆಯಿಂದ ಮಕ್ಕಳೆಲ್ಲ ಗಾಜಿಗೆ ಮೂಗು ಒತ್ತಿ ನಿಂತವು.

ಮ್ಯಾನೇಜರ್ ಗೂಡಿನ ಬಾಗಿಲಿಗೆ ಬಂದ. "ಅಷ್ಟು ದುಡ್ಡು ಸುರಿದಿದ್ದು ನೀವು ಸುಮ್ಮನೆ ಕೂರೋಕಾ?"

"ಮಾತಾಡಿದ್ದು ಬಿಟ್ಟಿ ಸಾರ್," ಎಂದಳು ಅತ್ತಿಗೆ, ಹೆಡ್‌ಫೋನಿನ ತಂತಿ ಸುತ್ತುತ್ತಾ. "ಸುಮ್ಮನೆ ಕೂತಿದ್ದಕ್ಕೇ ದುಡ್ಡು."

ಆ ದಿನ ಉಳಿದದ್ದು ಮಕ್ಕಳ ಕೋಣೆ, ಕಿಟಕಿಯ ಸಮೇತ. ಹೋದದ್ದು ಅತ್ತಿಗೆಯ ಊಹೆ.