ತೋಳಿನ ಅಳತೆ

"ಕೈ ಚಾಚಮ್ಮ," ಎಂದ ಅಪ್ಪ. ಮಗಳು ಚಾಚಿದಳು. ವಕೀಲರ ಕೋಟು ಹೊಲಿದೇ ತಲೆ ನರೆತಿದ್ದ ದರ್ಜಿ ಅವನು; ಕಾನೂನು ಕಾಲೇಜಿಗೆ ಹೊರಟ ಮಗಳ ಕಪ್ಪು ಕೋಟನ್ನು ಇನ್ನೊಬ್ಬರ ಕೈಗೆ ಕೊಡುವನೇ?

ಅಂಗಡಿಯ ಬೆಂಚಿನ ಮೇಲಿಂದ ಸೋದರಮಾವ ಗೊಣಗಿದ. "ದೊಡ್ಡ ಕಾಲೇಜಲ್ಲೇ ಸೀಟು ಸಿಕ್ಕಿತ್ತು. ಕೈಗೆ ಬಂದ ತುತ್ತು ಚೆಲ್ಲಿ ಯಾರಾದ್ರೂ ಬಂದರಿನ ಆ ಮೂಲೆಗೆ ಹೋಗ್ತಾರಾ?"

"ಹಡಗಿನ ಕಾನೂನು ಅಲ್ಲಿ ಮಾತ್ರ ಕಲಿಸ್ತಾರೆ, ಮಾವ." ಬಸ್ಸಿನ ನಂಬರು ಹೇಳುವವಳಂತೆ ಹೇಳಿದಳು. ಅಣ್ಣ ಕೆಲಸಕ್ಕಿದ್ದ ಹಡಗು ಅವನ ಸಮೇತ ಮುಳುಗಿದಾಗ ಕಂಪನಿಯ ವಕೀಲ ಇದೇ ಬೆಂಚಿನಲ್ಲಿ ಕೂತು, ಕಾನೂನಿನ ಪ್ರಕಾರ ಹೊಣೆ ಯಾರದೂ ಅಲ್ಲವೆಂದು ವಿವರಿಸಿ ಹೋಗಿದ್ದ. ಅಪ್ಪ ಎಲ್ಲಕ್ಕೂ ತಲೆಯಾಡಿಸಿದ್ದ. ಆ ವಕೀಲನ ಕೋಟಿನ ಭುಜ ಸರಿಯಾಗಿ ಕೂತಿಲ್ಲ ಎಂದಷ್ಟೇ ಆಮೇಲೆ ಹೇಳಿದ್ದ.

ಟೇಪು ಅವಳ ಮೊಣಕೈಗೂ ಇಳಿದಿರಲಿಲ್ಲ. ಅಪ್ಪ ಆಗಲೇ ಮೇಜಿನ ಮೇಲಿನ ಬಟ್ಟೆಗೆ ಸೀಮೆಸುಣ್ಣದಲ್ಲಿ ತೋಳಿನ ಗೆರೆ ಎಳೆದು ಕತ್ತರಿ ಎತ್ತಿಕೊಂಡಿದ್ದ. ಅಣ್ಣನ ಅಂಗಿಗಳಿಗೆ ಎಳೆಯುತ್ತಿದ್ದಷ್ಟೇ ಉದ್ದ.

"ಭಾವ, ಅದು ಹುಡುಗನ ಅಳತೆ," ಎಂದು ಮಾವ ಎದ್ದು ನಿಂತ. ಅಪ್ಪನ ಕೈ ಅಲ್ಲೇ ನಿಂತಿತು.

ಮಗಳು ಚಾಚಿದ ಕೈ ಇಳಿಸಲಿಲ್ಲ. "ಕತ್ತರಿಸಪ್ಪ," ಎಂದಳು. "ನಾನು ಮಡಚ್ಕೋತೀನಿ."